ಕಂಡದ್ದು ಮತ್ತು ಬರೆದದ್ದು

ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕನ್ನಡದ ಮೇಷ್ಟ್ರು. ಈ ಮಾತು ಹೇಳಿದಾಗಲೆಲ್ಲ ಕೇಳಿದವರ ಮುಖದಲ್ಲಿ ಸಣ್ಣದೊಂದು ನಗೆ ಮೂಡುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಸಂಗೀತದ ಮೇಷ್ಟ್ರಿಗೇನು ಕೆಲಸ ಎನ್ನುವಂಥ ನಗೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ'ವೆಂದೂ ಬಾರದವರಿಗೆ 'ಬಳಕೆ ಕನ್ನಡ'ವೆಂದೂ ಎರಡು ಪುಟ್ಟ ಕೋಣೆಗಳನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಆ ಕೋಣೆಗಳಿಂದ ಹೊರಗೆ ಬಂದರೆ ಉಳಿದ ಕಟ್ಟಡವೆಲ್ಲ ಯಂತ್ರಗಳದ್ದು. ಅಲ್ಲಿ ನನಗೆ ಕೆಲಸ ಬೀಳುವುದು ವರ್ಷಕ್ಕೊಮ್ಮೆ, ರಾಜ್ಯೋತ್ಸವ ಹತ್ತಿರವಾದಾಗ.

ಹೋದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಪ್ರಾಂಶುಪಾಲರಿಗೆ ಒಂದು ಯೋಚನೆ ಬಂತು. ಹುಡುಗರು ಮಾಡಿದ ಯಂತ್ರಗಳನ್ನು ಸಭಾಂಗಣದಲ್ಲಿ ಇಡೋಣ. ಒಂದೊಂದರ ಪಕ್ಕದಲ್ಲೂ ಕನ್ನಡದಲ್ಲಿ ಒಂದು ಪುಟದ ವಿವರಣೆ ಇರಲಿ. ಕನ್ನಡದ ಮೇಷ್ಟ್ರು ತಿದ್ದಿಕೊಡಲಿ. ಒಳ್ಳೆಯ ಯೋಚನೆಯೇ. ಹೀಗಾಗಿ ಒಂದು ಸಂಜೆ ರೊಬಾಟಿಕ್ಸ್ ಓದುತ್ತಿರುವ ಮೂವರು ಹುಡುಗರೂ ಒಬ್ಬಳು ಹುಡುಗಿಯೂ ತಮ್ಮ ಪ್ರಾಜೆಕ್ಟ್ ರಿಪೋರ್ಟಿನ ಕರಡನ್ನು ಹಿಡಿದುಕೊಂಡು ನನ್ನ ಕೊಠಡಿಗೆ ಬಂದರು. ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಇನ್ನೂ ಬೈಂಡಿಂಗಿಗೆ ಹೋಗಿರಲಿಲ್ಲ. "ಇದನ್ನೇ ಸ್ವಲ್ಪ ಕನ್ನಡ ಮಾಡಿಕೊಡಿ ಸರ್" ಎಂದರು.

ಅವರು ಮಾಡಿದ್ದು ಆಸ್ಪತ್ರೆಯ ಓಣಿಯಲ್ಲಿ ತಾನೇ ನಡೆದು ಹೋಗಿ ಔಷಧಿಯ ತಟ್ಟೆಯನ್ನು ಮುಟ್ಟಿಸುವ ಒಂದು ಪುಟ್ಟ ಬಂಡಿ. ಬಿಳಿಯ ನೆಲದ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದರೆ ಬಂಡಿ ಆ ಪಟ್ಟಿಯ ಜಾಡು ಹಿಡಿದು ಸಾಗುತ್ತದೆ. ಅದರ ಹೊಟ್ಟೆಯ ಕೆಳಗೆ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನು ಬೀರುವ ಸೆನ್ಸರುಗಳಿವೆ. ಬಿಳಿಯ ನೆಲ ಆ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಪಟ್ಟಿ ನುಂಗಿಬಿಡುತ್ತದೆ. ಬೆಳಕು ಮರಳಿತೆ ಇಲ್ಲವೆ ಎಂಬುದರಿಂದಲೇ ಬಂಡಿಗೆ ತಾನು ದಾರಿಯ ಮೇಲಿದ್ದೇನೆಯೋ ಇಲ್ಲವೋ ತಿಳಿಯುತ್ತದೆ. ಮುಂದುಗಡೆ ಎರಡು ಗುಂಡು ಕಣ್ಣುಗಳಂಥ ಇನ್ನೊಂದು ಸೆನ್ಸರು. ಅದು ಕಣ್ಣಲ್ಲ, ಕಿವಿ. ಮನುಷ್ಯರ ಕಿವಿಗೆ ಕೇಳದಷ್ಟು ಎತ್ತರದ ಸದ್ದನ್ನು, ಸೆಕೆಂಡಿಗೆ ೪೦,೦೦೦ ಕಂಪನಗಳ ಸದ್ದನ್ನು, ಅದು ಹೊರಡಿಸುತ್ತದೆ; ಎದುರಿನ ವಸ್ತುವಿಗೆ ತಾಗಿ ಮಾರ್ದನಿ ಬರಲು ಎಷ್ಟು ಹೊತ್ತಾಯಿತೆಂದು ಎಣಿಸಿ ದೂರವನ್ನು ಲೆಕ್ಕ ಹಾಕುತ್ತದೆ. ಒಂದು ಮೀಟರು ದೂರದ ಗೋಡೆಗೆ ಹೋಗಿ ಬರಲು ಸದ್ದಿಗೆ ಸೆಕೆಂಡಿನ ಸಾವಿರದ ಆರು ಭಾಗ ಸಾಕು. ಬಾವಲಿಯ ವಿದ್ಯೆ ಇದು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿನಿಮಾ ಟಿಕೇಟಿನ ಬೆಲೆಗೆ ಸಿಕ್ಕುತ್ತದೆಯೆಂದು ತಿಳಿದಾಗ ನಾನು ನಿಜವಾಗಿ ಬೆರಗಾದೆ.

ಇಷ್ಟನ್ನು ಅವರು ಉತ್ಸಾಹದಿಂದ ವಿವರಿಸಿದರು. ನಾನೂ ಉತ್ಸಾಹದಿಂದ ಬರೆದುಕೊಂಡೆ. ತೊಡಕು ಬಂದದ್ದು 'ಫಲಿತಾಂಶ'ವೆಂಬ ಅಧ್ಯಾಯಕ್ಕೆ ಬಂದಾಗ.

ಅಲ್ಲಿದ್ದ ಇಂಗ್ಲಿಷ್ ವಾಕ್ಯವನ್ನು ಮಾತಿಗೆ ಮಾತು ಇಳಿಸಿದರೆ ಹೀಗಾಗುತ್ತಿತ್ತು: "ಇಪ್ಪತ್ತು ಪರೀಕ್ಷೆಗಳು ನಡೆಸಲ್ಪಟ್ಟವು, ಶೇಕಡಾ ೯೮ರಷ್ಟು ನಿಖರತೆ ಸಾಧಿಸಲ್ಪಟ್ಟಿತು." ಇದು ಕನ್ನಡವಲ್ಲ. ನಮ್ಮ ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗವೆಂಬುದು ಇದೆ, ನಿಜ. ಆದರೆ ಅದು ಪುಸ್ತಕದಲ್ಲಿರುವಷ್ಟು ನಾಲಗೆಯ ಮೇಲಿಲ್ಲ. "ಅನ್ನ ನನ್ನಿಂದ ಉಣ್ಣಲ್ಪಟ್ಟಿತು" ಎಂದು ಯಾವ ತಾಯಿಯ ಮಗನೂ ಹೇಳುವುದಿಲ್ಲ. ಕನ್ನಡಕ್ಕೆ ಮಾಡುವವನು ಬೇಕು. ಆದ್ದರಿಂದ ಮೇಷ್ಟ್ರ ಅಭ್ಯಾಸಬಲದಿಂದ ನಾನು ಕೇಳಿದೆ: "ನಡೆಸಲ್ಪಟ್ಟವು ಬೇಡ. ನಡೆಸಿದವರು ಯಾರು?"

"ನಾವೇ ಸರ್."

"ಹಾಗಾದರೆ 'ನಾವು ಬಂಡಿಯನ್ನು ೨೦ ಸಲ ಓಡಿಸಿದೆವು' ಎಂದು ಬರೆಯೋಣ. ಮುಂದೆ? ೨೦ ಸಲದಲ್ಲಿ ಎಷ್ಟು ಸಲ ಅದು ಕೊನೆ ಮುಟ್ಟಿತು?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಗಣಿತ ಎಸ್.ಎಸ್.ಎಲ್.ಸಿ.ಗೇ ಮುಗಿಯಿತು. ಆದರೂ ಇಪ್ಪತ್ತರಲ್ಲಿ ಒಂದೆಂದರೆ ಶೇಕಡಾ ಐದೆಂಬುದು ತಿಳಿಯುತ್ತದೆ. ಒಂದು ಸಲ ತಪ್ಪಿದರೆ ೯೫. ಒಂದೂ ತಪ್ಪದಿದ್ದರೆ ೧೦೦. ಇಪ್ಪತ್ತು ಓಟಗಳಲ್ಲಿ ೯೮ ಎಂಬುದು ಹುಟ್ಟುವುದಾದರೂ ಹೇಗೆ? ಬಂಡಿ ಒಂದು ಸಲ ಅರ್ಧ ತಪ್ಪಿತೆ?

ಕೊನೆಗೆ ರಾಣೆಬೆನ್ನೂರಿನ ಕಡೆಯ ಆ ಹುಡುಗಿ ಚೀಲದಿಂದ ಒಂದು ಹಳೆಯ ನೋಟುಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟಳು. "ಖರೇ ಇದ್ದದ್ದು ಇದರಾಗ ಐತ್ರಿ ಸರ" ಎಂದಳು. ಪೆನ್ಸಿಲಿನಲ್ಲಿ ೨೦ ಸಾಲುಗಳು. ೧೩ ಸಲ ಬಂಡಿ ಕೊನೆ ಮುಟ್ಟಿತ್ತು. ನಾಲ್ಕು ಸಲ ಕಿಟಕಿಯ ಬಳಿ ಪಟ್ಟಿ ಬಿಟ್ಟು ಗೋಡೆಯ ಕಡೆಗೆ ಹೊರಟುಹೋಗಿತ್ತು. ಸಂಜೆಯ ಬಿಸಿಲಿನಲ್ಲೂ ಅದೇ ಕೆಂಪಿನಾಚೆಯ ಬೆಳಕು ಹೇರಳವಾಗಿರುವುದರಿಂದ ಸೆನ್ಸರಿಗೆ ಮಂಕು ಕವಿದಿತ್ತು. ಒಂದು ಸಲ ಬ್ಯಾಟರಿ ಇಳಿದು ನಡುದಾರಿಯಲ್ಲಿ ನಿಂತಿತ್ತು. ಇನ್ನೆರಡು ಸಲ, ಓಣಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸಿಗೆ ಹೋಗಿ ತಾಗಿತ್ತು.

"ಗೋಡೆ ಕಂಡರೆ ನಿಲ್ಲುವ ಬಂಡಿ ಆಕೆಯ ಮುಂದೆ ಏಕೆ ನಿಲ್ಲಲಿಲ್ಲ?" ಎಂದೆ.

ಗೋಡೆ ಗಟ್ಟಿ, ಸದ್ದನ್ನು ನೇರವಾಗಿ ಹಿಂದಕ್ಕೆ ಎಸೆಯುತ್ತದೆ. ಸಡಿಲವಾಗಿ ಇಳಿಬಿದ್ದ ಸೀರೆಯ ನೆರಿಗೆ ಸದ್ದನ್ನು ಒಂದಿಷ್ಟು ಹೀರಿಕೊಳ್ಳುತ್ತದೆ, ಒಂದಿಷ್ಟನ್ನು ಓರೆಯಾಗಿ ಎತ್ತಲೋ ಕಳಿಸುತ್ತದೆ. ಮಾರ್ದನಿ ಬಾರದಿದ್ದರೆ ಬಂಡಿಯ ಪಾಲಿಗೆ ಎದುರಿಗೆ ಯಾರೂ ಇಲ್ಲ. ಆಕೆ ಪೊರಕೆ ಹಿಡಿದುಕೊಂಡೇ ನಕ್ಕು, "ಇದಕ್ಕೆ ಗೋಡೆ ಕಾಣ್ತದೆ, ನಾನು ಕಾಣಾಕಿಲ್ವಾ?" ಎಂದಳಂತೆ. ಹುಡುಗರೂ ನಕ್ಕರಂತೆ. ಆ ಮಾತು ನೋಟುಪುಸ್ತಕದಲ್ಲಿಯೂ ಇರಲಿಲ್ಲ, ರಿಪೋರ್ಟಿನಲ್ಲಂತೂ ಇರಲಿಲ್ಲ.

ಇಲ್ಲಿಗೆ ನನ್ನ ಅನುವಾದದ ಕೆಲಸ ನಿಂತಿತು. ನಾವು ಐವರೂ ಕುಳಿತು ವಾದಿಸತೊಡಗಿದೆವು. ಹುಡುಗರ ವಾದವನ್ನು ಇಲ್ಲಿ ಪ್ರಾಮಾಣಿಕವಾಗಿ ಕೊಡಬೇಕು. ಅದು ನನಗಾಗ ಅನಿಸಿದ್ದಕ್ಕಿಂತ ಬಲವಾದದ್ದು.

ಮೊದಲನೆಯದು: ಎಲ್ಲರೂ ಹೀಗೆಯೇ ಬರೆಯುತ್ತಾರೆ. ಹಿಂದಿನ ವರ್ಷದವರ ರಿಪೋರ್ಟೇ ಇವರಿಗೆ ಮಾದರಿ. ಅವರಿಗೆ ಅವರ ಹಿಂದಿನವರದು. ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ, ಸಾರಾಂಶ, ಪೀಠಿಕೆ, ಫಲಿತಾಂಶ, ಮುಂದಿನ ಸಾಧ್ಯತೆ — ಮದುವೆಯ ಮಂತ್ರದಂತೆ ಇದೊಂದು ಕ್ರಮ. ಪುರೋಹಿತರು ಹೇಳಿಸಿದ ಮಂತ್ರದ ಅರ್ಥವನ್ನು ಮದುವಣಿಗ ವಿಚಾರಿಸುತ್ತಾನೆಯೆ? ಎರಡನೆಯದು: ಇದನ್ನು ಓದುವವರಾರು? ಎಪ್ಪತ್ತು ಪುಟದ ಪುಸ್ತಕಕ್ಕೆ ಬಂಗಾರದ ಅಕ್ಷರ ಒತ್ತಿಸಿ ಗಾಜಿನ ಬೀರುವಿನಲ್ಲಿ ಇಡುತ್ತಾರೆ. ಯಾರೂ ಓದದ ಸುಳ್ಳಿನಿಂದ ಯಾರಿಗೆ ಕೇಡು? ಮೂರನೆಯದನ್ನು ಹೇಳಿದವಳು ಆ ಹುಡುಗಿ. "ಸತ್ಯ ಬರದ್ರ ಮಾರ್ಕ್ಸ್ ಹೋಗ್ತಾವ್ರಿ ಸರ. ನಮ್ಮಪ್ಪ ಸಾಲ ಮಾಡಿ ಕಳ್ಸ್ಯಾನ. ಮಾರ್ಕ್ಸ್ ಕೊಡಾವ್ರು ನೀವಲ್ಲ." ಇದಕ್ಕೆ ತಕ್ಷಣ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಎರಡನೆಯ ವಾದಕ್ಕೆ ಮಾತ್ರ ಉತ್ತರ ತಾನಾಗಿಯೇ ಹೊರಬಿತ್ತು. ಮಾತಿಗೆ ಮಾತು ಬಂದು ನಾನು ಕೇಳಿದೆ: "ಬಿಸಿಲು ಬಿದ್ದರೆ ಸೆನ್ಸರು ಕೆಡುತ್ತದೆಯೆಂದ ಮೇಲೆ ಪಟ್ಟಿಯನ್ನು ಕಿಟಕಿಯ ಮಗ್ಗುಲಲ್ಲೇ ಏಕೆ ಅಂಟಿಸಿದಿರಿ?" ಒಬ್ಬ ಹುಡುಗ ಬೇಸರದಿಂದ ಹೇಳಿದ: "ಲಾಸ್ಟ್ ಇಯರ್ ರಿಪೋರ್ಟ್‌ನಲ್ಲಿ ಯಾವ ಬೆಳಕಿನಲ್ಲೂ ಕೆಲಸ ಮಾಡತ್ತೆ ಅಂತ ಬರೆದಿದ್ರು ಸರ್. ಅದನ್ನ ನಂಬಿ ಮೂರು ವಾರ ಹಾಳಾಯ್ತು. ನಮ್ಮ ಕೋಡ್‌ನಲ್ಲೇ ತಪ್ಪಿದೆ ಅಂತ ಹುಡುಕ್ತಾ ಕೂತಿದ್ವಿ."

ಹೇಳಿ ಮುಗಿಸುವ ಹೊತ್ತಿಗೆ ಅವನಿಗೇ ತನ್ನ ಮಾತಿನ ಅರ್ಥ ಹೊಳೆಯಿತು. ಯಾರೂ ಓದುವುದಿಲ್ಲವೆಂದು ಹಿಂದಿನವರು ಬರೆದ ಒಂದು ಸಾಲನ್ನು ಇವರು ಓದಿದ್ದರು. ಓದಿ, ನಂಬಿ, ಮೂರು ವಾರಗಳ ನಿದ್ದೆ ಕೆಡಿಸಿಕೊಂಡಿದ್ದರು. ಆ ಸುಳ್ಳಿನ ಸಾಲವನ್ನು ಇವರು ತೀರಿಸಿ, ಈಗ ತಮ್ಮ ಹೆಸರಿನಲ್ಲಿ ಹೊಸ ಪತ್ರ ಬರೆದು ಮುಂದಿನವರಿಗೆ ವರ್ಗಾಯಿಸಲು ಹೊರಟಿದ್ದರು.

ವರದಿ ಎಂಬುದರ ಧರ್ಮವೇನು? ಮನೆಗೆ ಬಂದು ನಾನು ಬಹಳ ಹೊತ್ತು ಇದನ್ನು ಯೋಚಿಸಿದೆ. ಕತೆ ಬರೆಯುವವನು ಕಾಣದ್ದನ್ನು ಬರೆಯಬಹುದು. ಅವನ ಓದುಗನಿಗೆ ಅದು ಕತೆಯೆಂದು ಮೊದಲೇ ತಿಳಿದಿರುತ್ತದೆ. ವಕೀಲನು ತನ್ನ ಕಕ್ಷಿಗಾರನ ಪರವಾಗಿ ವಾದಿಸಬಹುದು; ಎದುರಿಗೆ ಇನ್ನೊಬ್ಬ ವಕೀಲನಿರುತ್ತಾನೆ. ವರದಿ ಬರೆಯುವವನ ಸ್ಥಾನ ಇವೆರಡೂ ಅಲ್ಲ, ಸಾಕ್ಷಿಯ ಸ್ಥಾನ. ಆ ಓಣಿಯಲ್ಲಿ ಆ ಸಂಜೆ ನಾವಿರಲಿಲ್ಲ, ಅವರಿದ್ದರು. ನಮ್ಮ ಕಣ್ಣಿಗೆ ಬದಲಾಗಿ ಅವರ ಕಣ್ಣನ್ನು ನಾವು ಎರವಲು ಪಡೆಯುತ್ತೇವೆ. ಸಾಕ್ಷಿ ಹೇಳುವವನು ತನಗೆ ಅನುಕೂಲವಾದ ೧೩ನ್ನು ಹೇಳಿ ಉಳಿದ ಏಳನ್ನು ನುಂಗಿದರೆ ಆ ೧೩ರ ಬೆಲೆಯೂ ಹೋಗುತ್ತದೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಹಳೆಯ ದಾನಶಾಸನಗಳನ್ನು ನೋಡಿ: ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಲ್ಲೆಕಟ್ಟು ಯಾವುದು ಎಂಬುದನ್ನೆಲ್ಲ ಹೇಳಿ, ಎಷ್ಟೋ ಕಡೆ ಸಾಕ್ಷಿಗಳ ಹೆಸರನ್ನೂ ಬರೆದವನ, ಕಂಡರಿಸಿದವನ ಹೆಸರನ್ನೂ ಕೆತ್ತಿ, ಕೊನೆಗೆ ಇದನ್ನು ಕೆಡಿಸಿದವನಿಗೆ ಶಾಪವನ್ನೂ ಹಾಕುತ್ತಾರೆ. ಅಲ್ಲಿ 'ಕೊಡಲ್ಪಟ್ಟಿತು' ಎಂದು ತಲೆ ಮರೆಸಿಕೊಳ್ಳುವುದಿಲ್ಲ. ಇನ್ನೊಂದು ಬಗೆಯ ಬರವಣಿಗೆಯೂ ನಮ್ಮಲ್ಲಿತ್ತು. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಿಂದ ಬರೆಯುವ 'ಕಡತ'. ಇವತ್ತು ಕಚೇರಿಯ ಫೈಲಿಗೆ ನಾವು ಕೊಟ್ಟಿರುವ ಹೆಸರು ಅಲ್ಲಿಂದ ಬಂದದ್ದು. ಕಡತದ ಅನುಕೂಲವೆಂದರೆ ಅಳಿಸಿ ಮತ್ತೆ ಬರೆಯಬಹುದು; ಅದರ ಅಪಾಯವೂ ಅದೇ. ನಮ್ಮ ತಾತ ಶಾನುಭೋಗರಾಗಿದ್ದವರು. ಅವರ ಕಾಲಕ್ಕೆ ಲೆಕ್ಕವೆಲ್ಲ ಕಾಗದಕ್ಕೆ ಬಂದಿತ್ತು. ತಪ್ಪು ಅಂಕಿಯನ್ನು ಕೆರೆದು ಅಳಿಸಬಾರದು, ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಹೊಡೆದು ಹಾಕಿದ್ದು ಏನೆಂದು ಓದುವವನಿಗೆ ಕಾಣುವಂತಿರಬೇಕು ಎಂದು ಅವರು ಹೇಳುತ್ತಿದ್ದರಂತೆ. ಹುಡುಗಿಯ ಪೆನ್ಸಿಲಿನ ನೋಟುಪುಸ್ತಕದಲ್ಲಿ ಅಂಥ ಗೆರೆಗಳಿದ್ದವು. ಕಂಪ್ಯೂಟರಿನಲ್ಲಿ ಬೆರಳಚ್ಚಾದ ರಿಪೋರ್ಟು ನುಣ್ಣಗಿತ್ತು. ಅಳಿಸಿದ ಗುರುತು ಸಹ ಉಳಿಯದ ಕಡತ ಅದು.

ಆ ನುಣುಪಿನಲ್ಲಿ ಯಂತ್ರದ ಪಾಲೂ ಇತ್ತು. ಪೀಠಿಕೆಯ ಅಧ್ಯಾಯ ಅಷ್ಟು ಸರಾಗವಾಗಿರುವುದು ಹೇಗೆಂದು ಕೇಳಿದಾಗ ಹುಡುಗರು ಮುಚ್ಚುಮರೆ ಮಾಡಲಿಲ್ಲ. ೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಇಂಥ ಪೀಠಿಕೆಗಳನ್ನು ಕ್ಷಣಮಾತ್ರದಲ್ಲಿ ಬರೆದುಕೊಡುವ ಯಂತ್ರಗಳು ಎಲ್ಲರ ಕೈಯಲ್ಲಿವೆ. ಇದನ್ನು ಕೇಳಿ ನಾನು ಹೌಹಾರಲಿಲ್ಲ. ಯಂತ್ರಮಾನವನ ಬಂಡಿಯ ಮೇಲೆ ಯಂತ್ರವೇ ಪೀಠಿಕೆ ಬರೆದರೆ ಅದರಲ್ಲೊಂದು ಔಚಿತ್ಯವಿದೆಯೆಂದು ತಮಾಷೆಯನ್ನೂ ಮಾಡಿದೆ. ರೊಬಾಟಿಕ್ಸಿನ ಇತಿಹಾಸವನ್ನು ಯಾರು ಬರೆದರೂ ಅದೇ ಇತಿಹಾಸ. ಆದರೆ ನಾಲ್ಕೂ ಕಾಲಿನ ಹೊತ್ತಿಗೆ ಆ ಓಣಿಯ ಆ ಕಿಟಕಿಯ ಬಳಿ ಬಂಡಿ ಹಾದಿ ತಪ್ಪಿದ್ದನ್ನು ಯಾವ ಬರೆಯುವ ಯಂತ್ರವೂ ನೋಡಿಲ್ಲ. ಫಲಿತಾಂಶದ ಎರಡು ಪುಟ ಮಾತ್ರ ಇವರಲ್ಲದೆ ಇನ್ನಾರೂ ಬರೆಯಲಾಗದ್ದು. ಘೋಷಣೆಯ ಪುಟದಲ್ಲಿ "ಈ ಕೆಲಸ ನಮ್ಮದೇ" ಎಂದು ಸಹಿ ಹಾಕುತ್ತಾರಷ್ಟೆ? ಅವರದೇ ಆದ ಎರಡು ಪುಟಗಳನ್ನೇ ಸುಳ್ಳು ಮಾಡಿದರೆ ಆ ಸಹಿಯ ಕೆಳಗೆ ಇನ್ನೇನು ಉಳಿಯಿತು?

'ರೊಬಾಟ್' ಎಂಬ ಶಬ್ದದ ಹುಟ್ಟು ಕನ್ನಡದ ಮೇಷ್ಟ್ರಿಗೆ ಸಂಬಂಧಪಡದ್ದೇನೂ ಅಲ್ಲ. ಚೆಕ್ ಲೇಖಕ ಕಾರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಆ ಮಾತು ಲೋಕಕ್ಕೆ ಹರಡಿತು. ಅದನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ 'ರೊಬೋಟ' ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಬಿಟ್ಟಿ. ದುಡಿಯುವವರ ಬೆವರನ್ನು ಹೆಸರಿನಲ್ಲೇ ಹೊತ್ತಿರುವ ಯಂತ್ರವೊಂದು ಓಣಿಯಲ್ಲಿ ದುಡಿಯುತ್ತಿದ್ದ ಹೆಂಗಸಿಗೆ ಡಿಕ್ಕಿ ಹೊಡೆದದ್ದನ್ನು ನೆನೆದರೆ ನಗುವಂತಾಗುತ್ತದೆ. ಆದರೆ ಇಂಥ ಬಂಡಿಗಳು ನಾಳೆ ನಿಜವಾದ ಆಸ್ಪತ್ರೆಗಳ ಓಣಿಗಳಲ್ಲಿ ಓಡಾಡಬೇಕಾದವು. ಅಲ್ಲಿ ಸೀರೆಯುಟ್ಟ ಆಯಾಗಳಿರುತ್ತಾರೆ. ಕಂಬಳಿ ಹೊದ್ದ ಮುದುಕರಿರುತ್ತಾರೆ. 'ಶೇಕಡಾ ೯೮' ಎಂಬ ಅಂಕಿ ಆ ಮುದುಕನಿಗೆ ಹೇಳುವುದಿಷ್ಟೆ: ನೀನು ನಮ್ಮ ಲೆಕ್ಕದಲ್ಲಿ ಇಲ್ಲ. ಬಂಡಿ ಆಕೆಯನ್ನು ಕಾಣದೆ ಹೋದದ್ದು ಸೆನ್ಸರಿನ ಮಿತಿ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಕಣ್ಣಾರೆ ಕಂಡ ನಾಲ್ವರು ಅದನ್ನು ಬರೆಯದೆ ಬಿಟ್ಟದ್ದಕ್ಕೆ ಮಾತ್ರ ಸೆನ್ಸರಿನ ಮೇಲೆ ಹೊರೆ ಹಾಕಲಾಗುವುದಿಲ್ಲ.

ಸೋಲನ್ನು ಬರೆದರೆ ಮಾನ ಹೋಗುತ್ತದೆಯೆಂಬ ಭಯಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಉತ್ತರವಿದೆ. ೧೯೭೯ರ ಆಗಸ್ಟ್ ೧೦ರಂದು ಎಸ್.ಎಲ್.ವಿ.-೩ ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು. ಆ ದಿನ ಪತ್ರಕರ್ತರ ಎದುರಿಗೆ ಹೊಣೆ ಹೊತ್ತು ನಿಂತವರು ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅಲ್ಲ, ಇಸ್ರೊ ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಜುಲೈ ೧೮ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಅವರು ಮುಂದೆ ಕಳಿಸಿದ್ದು ಕಲಾಂ ಅವರನ್ನು. ಕಲಾಂ ಇದನ್ನು ಎಷ್ಟೋ ಸಭೆಗಳಲ್ಲಿ ನೆನೆದಿದ್ದಾರೆ. ಇನ್ನು ೨೦೧೯ರ ಸೆಪ್ಟೆಂಬರ್ ೭ರ ನಡುರಾತ್ರಿಯನ್ನು ಬೆಂಗಳೂರಿನವರಾದ ನಾವು ಮರೆತಿಲ್ಲ. ಚಂದ್ರಯಾನ-೨ರ ವಿಕ್ರಮ್ ನೌಕೆ ಚಂದ್ರನ ಮೇಲೆ ಮೆಲ್ಲನೆ ಇಳಿಯದೆ ಅಪ್ಪಳಿಸಿತು. ಮುಂದಿನ ನೌಕೆಯನ್ನು ಕಟ್ಟಿದವರು ಏನೇನು ತಪ್ಪಬಹುದು ಎಂಬ ಪಟ್ಟಿಯನ್ನೇ ತಳಹದಿಯಾಗಿ ಇಟ್ಟುಕೊಂಡರೆಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ೨೦೨೩ರಲ್ಲಿ ವಿವರಿಸಿದರು. ಮೊದಲ ಸಲ ಇಳಿಯಲು ಗುರುತಿಸಿದ್ದ ಜಾಗ ಉದ್ದಗಲ ೫೦೦ ಮೀಟರು. ಎರಡನೆಯ ಸಲ ೪ ಕಿಲೋಮೀಟರು ಉದ್ದ, ಎರಡೂವರೆ ಕಿಲೋಮೀಟರು ಅಗಲ. ಆ ವರ್ಷದ ಆಗಸ್ಟ್ ೨೩ರಂದು ವಿಕ್ರಮ್ ಇಳಿಯಿತು. ಅದರ ಹೊಟ್ಟೆಯಿಂದ ಆರು ಗಾಲಿಯ, ೨೬ ಕಿಲೋ ತೂಕದ ಪ್ರಜ್ಞಾನ್ ಬಂಡಿ ಹೊರಬಂದು ಚಂದ್ರನ ನೆಲದ ಮೇಲೆ ನೂರು ಮೀಟರಿಗೂ ಮಿಗಿಲಾಗಿ ಓಡಾಡಿತು. ಮೊದಲನೆಯ ನೌಕೆ ಏಕೆ ಬಿತ್ತೆಂಬುದನ್ನು ಯಾರಾದರೂ 'ಶೇಕಡಾ ೯೮' ಎಂದು ಬರೆದು ಮುಚ್ಚಿದ್ದರೆ ಪ್ರಜ್ಞಾನ್ ಬಂಡಿ ಇನ್ನೂ ಭೂಮಿಯ ಮೇಲೆಯೇ ಇರುತ್ತಿತ್ತು.

ಇದನ್ನೆಲ್ಲ ಮರುದಿನ ಹುಡುಗರಿಗೆ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಭಾಷಣ ಚೆನ್ನಾಗಿಯೇ ಕೂಡಿಬಂದಿತ್ತು. ಆಗ ನೆನಪಾಯಿತು, ನನ್ನದೇ ಇನ್ನೊಂದು ವರದಿ.

ಮೂರು ವರ್ಷಗಳ ಹಿಂದೆ ಕಾಲೇಜಿನ ಗುಣಮಟ್ಟವನ್ನು ಪರಿಶೀಲಿಸಲು ಒಂದು ಸಮಿತಿ ಬರುವುದಿತ್ತು. ಎಲ್ಲ ವಿಭಾಗಗಳಂತೆ ನಾನೂ ಕನ್ನಡ ಸಂಘದ ಚಟುವಟಿಕೆಗಳ ವರದಿಯನ್ನು ಕೊಟ್ಟೆ. ಆ ವರ್ಷ ನಡೆದ ಕಾರ್ಯಕ್ರಮಗಳು ಏಳು. ನಾನು ಬರೆದದ್ದು ಹನ್ನೆರಡು. ಹೇಗೆಂದರೆ, ಮುಂದೂಡಿ ಮರೆತುಹೋದ ಎರಡು ಉಪನ್ಯಾಸಗಳನ್ನು ನಡೆದವೆಂದು ಸೇರಿಸಿದೆ. ಒಂದೇ ಸಭೆಯನ್ನು ಕವಿಗೋಷ್ಠಿ, ಸಂವಾದ, ಪುಸ್ತಕ ಪರಿಚಯ ಎಂದು ಮೂರಾಗಿ ಸೀಳಿದೆ. ಕ್ಯಾಂಟೀನಿನಲ್ಲಿ ನಾಲ್ಕು ಜನ ಕಾಫಿ ಕುಡಿಯುತ್ತ ಆಡಿದ ಮಾತಿಗೆ 'ವಿಚಾರ ಸಂಕಿರಣ'ವೆಂದು ನಾಮಕರಣ ಮಾಡಿದೆ. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ. 'ಇತರ ವಿಭಾಗದವರು ಹದಿನೈದು ಕೊಟ್ಟಿದ್ದಾರೆ' ಎಂದು ಒಬ್ಬರು ಹೇಳಿದ್ದು ಅಷ್ಟೆ. ಆ ವರದಿಯ ವಾಕ್ಯಗಳು ನನಗೆ ಈಗಲೂ ನೆನಪಿವೆ: 'ಏರ್ಪಡಿಸಲಾಯಿತು', 'ಹಮ್ಮಿಕೊಳ್ಳಲಾಯಿತು', 'ಚರ್ಚಿಸಲಾಯಿತು'. ಹುಡುಗರ ಇಂಗ್ಲಿಷನ್ನು ಕನ್ನಡಕ್ಕೆ ಮಾಡುವವನು ಬೇಕೆಂದು ತಿದ್ದಿದ ಮೇಷ್ಟ್ರು ತನ್ನ ಕನ್ನಡದಲ್ಲಿಯೇ ಮಾಡುವವನನ್ನು ಅಡಗಿಸಿಟ್ಟಿದ್ದ. ನಡೆಯದೆ ಇದ್ದದ್ದನ್ನು ಮಾಡುವವರು ಯಾರೂ ಇರುವುದಿಲ್ಲ. ಅದಕ್ಕೇ ಆ ವಾಕ್ಯಕ್ಕೆ ಕರ್ತೃಪದ ಸಿಗುವುದಿಲ್ಲ.

ಹುಡುಗಿಯ ಮೂರನೆಯ ವಾದ ಆಗ ನನಗೆ ಪೂರ್ತಿಯಾಗಿ ಅರ್ಥವಾಯಿತು. ಸತ್ಯವನ್ನು ಬರೆ ಎಂದು ಹೇಳುವುದು ಸುಲಭ. ಬರೆದದ್ದರ ಬೆಲೆ ತೆರುವವರು ಯಾರು? ಸಂಬಳ ಖಾಯಮ್ಮಾಗಿರುವ ನಾನು ಏಳನ್ನು ಏಳೆಂದು ಬರೆಯಲು ಅಂಜಿದೆ. ಸಾಲದ ಮೇಲೆ ಓದುತ್ತಿರುವ ಇಪ್ಪತ್ತು ವರ್ಷದ ಹುಡುಗಿ ೧೩ನ್ನು ೧೩ ಎಂದು ಬರೆಯಬೇಕೆಂದು ಯಾವ ಮುಖದಿಂದ ಹೇಳಲಿ? ಸತ್ಯ ಹೇಳಬೇಕಾದ ಹೊಣೆ ಎಲ್ಲರದೂ ನಿಜ. ಆದರೆ ಅದರ ಭಾರ ಎಲ್ಲರ ಹೆಗಲ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಪರೀಕ್ಷಿಸುವವರು ಗೆಲುವಿಗೆ ಮಾತ್ರ ಅಂಕ ಕೊಟ್ಟು, ಬರೆಯುವವರು ಪ್ರಾಮಾಣಿಕರಾಗಿರಲಿ ಎಂದರೆ ಅದು ಗದ್ದೆಗೆ ನೀರು ಕಟ್ಟಿ ಪೈರನ್ನು ಬೈದಂತೆ. ಧವನ್ ಅವರ ಕತೆಯಲ್ಲಿ ನಾನು ಕಾಣದೆ ಬಿಟ್ಟಿದ್ದ ಅಂಶ ಇದೇ. ಅಲ್ಲಿ ಸೋಲನ್ನು ಹೊತ್ತವರು ಕಿರಿಯರಲ್ಲ, ಹಿರಿಯರು. ಹಿರಿಯರು ಮೊದಲು ಹೊತ್ತದ್ದರಿಂದಲೇ ಕಿರಿಯರಿಗೆ ತಮ್ಮ ತಪ್ಪನ್ನು ನಿರ್ಭಯವಾಗಿ ಹುಡುಕುವುದು ಸಾಧ್ಯವಾಯಿತು.

ಮರುದಿನ ಹುಡುಗರು ಬಂದಾಗ ಭಾಷಣ ಮಾಡಲಿಲ್ಲ. ಹನ್ನೆರಡು ಮತ್ತು ಏಳರ ಕತೆಯನ್ನು ಹೇಳಿದೆ. ಅವರಿಗೆ ನಗು ಬಂತು. ಮೇಷ್ಟ್ರೂ ತಮ್ಮ ಜಾತಿಯವರೇ ಎಂಬ ಸಮಾಧಾನದ ನಗು. "ಈ ವರ್ಷದ ಸಂಘದ ವರದಿಯನ್ನು ನಾನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಿಮ್ಮದನ್ನು ನೀವೇ ನಿರ್ಧರಿಸಿ. ಅಂಕ ಹೋದರೆ ಅದನ್ನು ತುಂಬಿಕೊಡುವ ಶಕ್ತಿ ನನಗಿಲ್ಲ, ಅದನ್ನೂ ತಿಳಿದುಕೊಂಡೇ ನಿರ್ಧರಿಸಿ. ಕನ್ನಡದ ಪುಟವನ್ನು ಮಾತ್ರ ನಾನು ನೋಟುಪುಸ್ತಕದಲ್ಲಿ ಇರುವಂತೆ ತಿದ್ದಿಕೊಡಬಲ್ಲೆ" ಎಂದೆ.

ಅವರು ಎರಡು ದಿನ ಬರಲಿಲ್ಲ. ಮೂರನೆಯ ದಿನ ಹುಡುಗಿ ಒಬ್ಬಳೇ ಬಂದು ಹೊಸ ಅಧ್ಯಾಯವನ್ನು ಕೊಟ್ಟಳು. ೨೦ ಓಟಗಳ ಪಟ್ಟಿ, ಹೊತ್ತಿನೊಡನೆ. ಶೇಕಡಾ ೬೫. ಕೆಳಗೆ ಬಿಸಿಲಿಗೆ ಮರೆ ಕಟ್ಟುವ ಉಪಾಯ, ಬಟ್ಟೆಗೆ ಮೋಸಹೋಗದಂತೆ ಇನ್ನೊಂದು ಬಗೆಯ ಸೆನ್ಸರನ್ನು ಜೊತೆಗೆ ಇಡಬೇಕೆಂಬ ಸಲಹೆ. ಆ ಒಂದು ಅಧ್ಯಾಯದಲ್ಲಿ ಇಂಗ್ಲಿಷು ಸ್ವಲ್ಪ ಒರಟಾಗಿತ್ತು. ಅವರೇ ಬರೆದಿದ್ದರು.

ಮುಂದೆ ಏನಾಯಿತೆಂದು ಓದುಗರು ಕೇಳಬಹುದು. ಡಿಸೆಂಬರಿನಲ್ಲಿ ವೈವಾ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಬೇರೆ ಅಧ್ಯಾಯಗಳನ್ನೆಲ್ಲ ಹೆಬ್ಬೆರಳಿನಿಂದ ಮಗುಚಿ, ಆ ಪಟ್ಟಿಯ ಬಳಿ ನಿಂತು, ನಾಲ್ಕು ಸಲ ಹಾದಿ ತಪ್ಪಿದ್ದು ಯಾವ ಹೊತ್ತಿನಲ್ಲಿ ಎಂದು ಕೇಳಿದರಂತೆ. ಬಹಳ ಹೊತ್ತು ಅದರ ಮೇಲೆಯೇ ಮಾತು ನಡೆಯಿತಂತೆ. ಅಂಕಗಳು ಸಾಧಾರಣವಾಗಿ ಚೆನ್ನಾಗಿಯೇ ಬಂದವು. ಶೇಕಡಾ ೯೯ ಎಂದು ಬರೆದಿದ್ದ ಇನ್ನೊಂದು ತಂಡಕ್ಕೆ ಇವರಿಗಿಂತ ಹೆಚ್ಚು ಬಂತು. ಕತೆ ಸೊಗಸಾಗಲೆಂದು ಇವರಿಗೇ ಮೊದಲ ಸ್ಥಾನ ಸಿಕ್ಕಿತೆಂದು ಬರೆದರೆ ನಾನೂ ಇಪ್ಪತ್ತರಲ್ಲಿ ೯೮ನ್ನು ಹುಟ್ಟಿಸಿದಂತಾಗುತ್ತದೆ. ಸಂಘದ ವರದಿಯಲ್ಲಿ ನಾನು ಐದು ಕಾರ್ಯಕ್ರಮಗಳೆಂದು ಬರೆದೆ; ಐದೇ ನಡೆದಿದ್ದವು. ಪ್ರಾಂಶುಪಾಲರು ಕನ್ನಡಕದ ಮೇಲಿನಿಂದ ನೋಡಿ, "ಇದನ್ನು ಹೀಗೇ ಕಳಿಸುವುದೆ?" ಎಂದರು. "ಹೌದು ಸಾರ್, ಬರುವ ವರ್ಷ ಎಂಟು ಮಾಡೋಣ" ಎಂದೆ. ಅವರು ಇನ್ನೇನೂ ಹೇಳಲಿಲ್ಲ. ಹಳೆಯ ಹನ್ನೆರಡು ಇನ್ನೂ ಯಾವುದೋ ಕಡತದಲ್ಲಿ ಹಾಗೆಯೇ ಇದೆ. ಅದಕ್ಕೆ ಗೆರೆ ಎಳೆಯುವ ಧೈರ್ಯ ನನಗಿನ್ನೂ ಬಂದಿಲ್ಲ.

ರಾಜ್ಯೋತ್ಸವದ ದಿನದ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಸಭಾಂಗಣದಲ್ಲಿ ಯಂತ್ರಗಳೆಲ್ಲ ಸಾಲಾಗಿ ಕುಳಿತಿದ್ದವು. ಅತಿಥಿಗಳು ಬಂದು ಹೋದ ಮೇಲೆ ಕುರ್ಚಿಗಳ ನಡುವೆ ಗುಡಿಸುತ್ತ ಬಂದ ಆ ಹೆಂಗಸು ಬಂಡಿಯ ಮುಂದೆ ನಿಂತಳು. ಪಕ್ಕದಲ್ಲಿದ್ದ ಕನ್ನಡದ ಪುಟವನ್ನು, ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರವಾಗಿ ಓದಿದಳು. ಹುಡುಗಿಯೂ ನಾನೂ ಸ್ವಲ್ಪ ದೂರದಲ್ಲಿದ್ದೆವು. "ಓಣಿಯಲ್ಲಿ ಕೆಲಸ ಮಾಡುತ್ತಿದ್ದ ಅಕ್ಕನವರ ಸೀರೆಯ ನೆರಿಗೆಯನ್ನು ನಮ್ಮ ಬಂಡಿ ಎರಡು ಸಲ ಗುರುತಿಸಲಿಲ್ಲ" ಎಂಬ ಸಾಲಿಗೆ ಬಂದಾಗ ಆಕೆ ತಲೆಯೆತ್ತಿ ನಮ್ಮ ಕಡೆ ನೋಡಿದಳು.

"ಎಲ್ಡು ಸಲ ಅಲ್ಲ ಕಣವ್ವ, ಮೂರು ಸಲ. ಮೊದಲ್ನೇ ದಿವ್ಸದ್ದು ನೀವು ಲೆಕ್ಕಕ್ಕೇ ತಕಂಡಿಲ್ಲ" ಎಂದಳು.

ಹುಡುಗಿ ನನ್ನ ಮುಖ ನೋಡಿದಳು. ಆಕೆ ಹೇಳಿದ್ದು ನಿಜ. ಅವರು ಲೆಕ್ಕ ಹಿಡಿಯುವುದಕ್ಕೆ ಮೊದಲಿನ ಓಟ ಅದು. ನನ್ನ ಜೇಬಿನಿಂದ ಪೆನ್ನನ್ನು ಇಸಿದುಕೊಂಡು ಹೋಗಿ, ಆಕೆಯ ಎದುರಿಗೇ, ಆ ಪುಟದ ಕೆಳಗೆ ಒಂದು ಸಾಲನ್ನು ಸೇರಿಸಿದಳು.